ಖಾಲಿ ಬಿಟ್ಟ ಮೊದಲ ಸಾಲು

ನವೆಂಬರ್ ೧೨, ಮಂಗಳವಾರ

ನನ್ನ ಗುಬ್ಬಿಗೆ,

ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ, ನಿಮ್ಮ ಪ್ರೆಸ್ಸಿಗೆ ಕೈತುಂಬಾ ಕೆಲಸ ಇದೆ ಅಂತ ನಂಬಿಕೊಂಡು ಬರೆಯುತ್ತಿದ್ದೇನೆ. ದೇವರ ದಯೆಯಿಂದ ನಾನೂ ಎದ್ದು ಓಡಾಡಿಕೊಂಡಿದ್ದೇನೆ, ಎಡಮಂಡಿ ಒಂದನ್ನು ಬಿಟ್ಟು. ಆಸ್ಪತ್ರೆಗೆ ದುಡ್ಡು ಕೂಡಿಸುವ ನಡಿಗೆ ಮುಗಿದು ಒಂಬತ್ತು ದಿನವಾದರೂ ಅಮ್ಮ ಒಂದು ಸಾಲು ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದೆ, ಎರಡು ಸಲವೂ ಹರಿದು ಹಾಕಿದೆ. ಓದಿದರೆ ನನಗೇ ನಾಚಿಕೆಯಾಗುವ ಹಾಗಿತ್ತು.

ಮೊದಲು ಒಳ್ಳೆಯ ಸುದ್ದಿ. ಡಯಾಲಿಸಿಸ್ ಯಂತ್ರಕ್ಕೆ ಬೇಕಾದಷ್ಟು ಕೂಡಿಬಂತು. ಆಸ್ಪತ್ರೆಯ ದೊಡ್ಡ ಡಾಕ್ಟರೇ ಮೈದಾನಕ್ಕೆ ಬಂದು, ಎರಡು ತಿಂಗಳಲ್ಲಿ ಕೂರಿಸುತ್ತೇವೆ ಅಂದರು. ನಿಮ್ಮಪ್ಪನ ಹಾಗೆ ವಾರಕ್ಕೆ ಮೂರು ಸಲ ಎರಡೆರಡು ಬಸ್ಸು ಹತ್ತಿ ಇಳಿಯುವ ಪಾಡು ಇನ್ನು ಈ ಊರಲ್ಲಿ ಯಾರಿಗೂ ಇಲ್ಲ. ಅವರು ತೀರಿಕೊಂಡ ವರ್ಷವೇ ಈ ನಡಿಗೆ ಶುರು ಮಾಡಿದ್ದು ನಾನು. ಆರು ವರ್ಷ ಮನೆಮನೆ ಬಾಗಿಲು ತಟ್ಟಿ, "ನಾನು ಮೈದಾನ ಒಂದು ಸುತ್ತು ಹಾಕಿದರೆ ನೀವೆಷ್ಟು ಕೊಡ್ತೀರಿ? ಈ ಹಾಳೆಯಲ್ಲಿ ಬರೆದು ಮಾತು ಕೊಡಿ" ಅಂತ ಕೇಳಿದ್ದು ನಾನು. ಖುಷಿಯಾಗಬೇಕಿತ್ತು. ಆಯಿತು, ಆದರೆ ಪೂರ್ತಿ ಆಗಲಿಲ್ಲ.

ನಿಮ್ಮತ್ತೆ ಈ ಸಲ ನಡಿಗೆಗೆ ಸೇರಿದರಲ್ಲ. ಮೂವತ್ತು ವರ್ಷ ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತವರು, ಊರಿನ ಎಲ್ಲರ ಹೆಸರೂ ವಿಳಾಸವೂ ನಾಲಿಗೆ ತುದಿಯಲ್ಲಿ. ನಾನು ಮೂರು ವಾರ ಚಪ್ಪಲಿ ಸವೆಸಿ ಅರವತ್ತೊಂದು ಜನರ ಹತ್ತಿರ ಬರೆಸಿದೆ. ಅವರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಜನ ತಾವಾಗಿ ಬಂದು ನೂರನಲವತ್ತು ಸಾಲು ತುಂಬಿಸಿ ಹೋದರು. ಔಷಧದ ಅಂಗಡಿಯವನು ನನಗೆ ಪ್ರತಿ ವರ್ಷ ಸುತ್ತಿಗೆ ಐದು ರೂಪಾಯಿ ಬರೆಯುವವನು, ಅವರಿಗೆ ಇಪ್ಪತ್ತು ಬರೆದ. "ಏನಪ್ಪಾ ಇದು?" ಅಂದರೆ, "ಅವರು ನಗ್ತಾ ಕೇಳ್ತಾರೆ ಅಕ್ಕಾ, ನೀವು ಕೇಳಿದ್ರೆ ಕೋರ್ಟಿಗೆ ಕರೆದ ಹಾಗಿರುತ್ತೆ" ಅಂದ.

ಈಗ ನನ್ನ ಕೆಟ್ಟ ಬುದ್ಧಿ ಕೇಳು. ಅವರ ಎರಡು ಹಾಳೆ ತುಂಬಿ ಮೂರನೆಯದು ನಡೆಯುತ್ತಿತ್ತು. ನಾಲ್ಕು ಜನರ ಎದುರಿಗೆ ಅದರಲ್ಲಿ ನನ್ನ ಹೆಸರು ಬರೆದು, ಸುತ್ತಿಗೆ ನೂರು ಅಂತ ಹಾಕಿದೆ. ಅವರ ಪಾದ ಊದುವುದು ನನಗೆ ಗೊತ್ತಲ್ಲ. ಐದು ಸುತ್ತಿಗೆ ಕೂತುಬಿಡುತ್ತಾರೆ, ಧಾರಾಳಿ ಅನ್ನುವ ಹೆಸರು ನನಗೆ, ಸುಸ್ತಾದರು ಅನ್ನುವ ಹೆಸರು ಅವರಿಗೆ ಅಂತ ಲೆಕ್ಕ. ಆ ಬೆಳಿಗ್ಗೆ ಪ್ರಾರ್ಥನೆಗೆ ಕೂತು, ಬಾಯಲ್ಲಿ ಎಲ್ಲರ ಆರೋಗ್ಯ ಬೇಡಿದೆ, ಮನಸ್ಸಿನಲ್ಲಿ ಆ ಪಾದಗಳನ್ನು ನೆನೆದೆ. ದೇವರಿಗೆ ಎರಡೂ ಕೇಳಿಸಿರಬೇಕು. ಅವರ ಕೈಲಿ ಮೂವತ್ತೆಂಟು ಸುತ್ತು ಹಾಕಿಸಿದ.

ಸುತ್ತು ಎಣಿಸಲು ಕೂತಿದ್ದವನು ನಮ್ಮ ರಿಟೈರಾದ ಕಂಡಕ್ಟರಣ್ಣ. ತನ್ನ ಹಳೇ ಟಿಕೆಟ್ ಪಂಚಿನಲ್ಲಿ ಒಬ್ಬೊಬ್ಬರ ಕಾರ್ಡಿಗೂ ತೂತು ಹೊಡೆಯುತ್ತಾ, "ಮುಂದೆ ಹೋಗಿ, ಮುಂದೆ ಹೋಗಿ, ಮುಂದೆ ಬೇಕಾದಷ್ಟು ಜಾಗ ಇದೆ" ಅಂತ ಎಲ್ಲರನ್ನೂ ನಗಿಸುತ್ತಿದ್ದ. ಹದಿನೆಂಟನೇ ಸುತ್ತಿನಲ್ಲಿ ನನ್ನ ಮಂಡಿ ಕಟಕಟ ಅನ್ನತೊಡಗಿತು. ನಿಮ್ಮತ್ತೆ ಹಿಂದಿನಿಂದ ಬಂದು ಮೊಣಕೈ ಹಿಡಿದು, "ಬೀಗಿತ್ತಿ, ನೀವು ನೆರಳಿಗೆ ಕೂತ್ಕೊಳ್ಳಿ. ನಿಮ್ಮ ಪಾಲಿಂದೂ ನಾನೇ ನಡೀತೀನಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ಅದೇ ಕಷ್ಟ. "ನನ್ನ ಪಾಲು ನನಗಿರಲಿ" ಅಂದೆ. ಇಪ್ಪತ್ತೆರಡಕ್ಕೆ ಕೂತೆ. ಕಂಡಕ್ಟರಣ್ಣ ಕಾರ್ಡು ನೋಡಿ, "ತಂಗೀ, ನಿನ್ನ ಸ್ಟಾಪ್ ಬಂತು" ಅಂದ. ನಗು ಬರಲಿಲ್ಲ.

ಸುತ್ತಿಗೆ ನೂರರಂತೆ ಮೂವತ್ತೆಂಟು. ಮೂರು ತಿಂಗಳು ಆಸ್ಪತ್ರೆಗೆ ದಿಂಬಿನ ಚೀಲ ಹೊಲಿದರೆ ತೀರುತ್ತದೆ. ಹೊಟ್ಟೆಕಿಚ್ಚಿಗೆ ಅಷ್ಟು ದಂಡ ಬೀಳಲೇಬೇಕು. ಮರುದಿನ ಅವರು ಮುಲಾಮು ಹಿಡಿದು ಮನೆಗೆ ಬಂದು, ನೆಲದ ಮೇಲೆ ಕೂತು ನನ್ನ ಮಂಡಿಗೆ ತಾವೇ ಹಚ್ಚಿದರು. ಅವರ ಪಾದ ಇಷ್ಟಿಷ್ಟು ಊದಿತ್ತು. ಅದನ್ನು ನೋಡಿ ಸಂಕಟವಾಯಿತು. ಸುಳ್ಳೇಕೆ, ಸ್ವಲ್ಪ ಸಮಾಧಾನವೂ ಆಯಿತು. ಆಮೇಲೆ ದೇವರ ಹತ್ತಿರ ತಪ್ಪೊಪ್ಪಿಕೊಂಡೆ.

ನೀನು ಹಾಳೆಗಳನ್ನು ಬಹಳ ಚೊಕ್ಕಟವಾಗಿ ಅಚ್ಚು ಹಾಕಿಸಿದ್ದೆ, ಎಲ್ಲರೂ ಹೊಗಳಿದರು. ಹೆಸರು, ಮೊತ್ತದ ಜೊತೆ 'ಸಂಬಂಧ' ಅಂತ ಒಂದು ಕಾಲಂ ಇರಲೇಬೇಕು ಅಂತ ಫೋನಿನಲ್ಲಿ ಹಟ ಹಿಡಿದವಳು ನಾನೇ. ನಡೆಯುವವರಿಗೆ ತಾವು ಅತ್ತಿಗೆ, ಭಾವ, ಪಕ್ಕದ ಮನೆ ಅಂತ ಕೈಯಾರೆ ಬರೆದವರು ಆಮೇಲೆ ಮಾತು ತಪ್ಪುವುದಿಲ್ಲ. ಈ ಸಲವೂ ಯಾರೂ ತಪ್ಪಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡಿ. ಶಾಯಿ ಕೈಯಲ್ಲೇ ಊಟಕ್ಕೆ ಕೂರಬೇಡಿ. ನಿಮ್ಮಿಬ್ಬರನ್ನೂ ದೇವರು ತಣ್ಣಗೆ ಇಟ್ಟಿರಲಿ, ನಿಮ್ಮ ಬಾಗಿಲಿಗೆ ಒಳ್ಳೆಯವರೇ ಬರಲಿ.

ನಿನ್ನ
ಅಮ್ಮ

ತಾ.ಕ.: ಧನ್ಯವಾದದ ಚೀಟಿ ಬರೆಯಲು ಎಲ್ಲರ ಹಾಳೆಗಳೂ ನನ್ನ ಹತ್ತಿರವೇ ಬಂದವು. ನಿಮ್ಮತ್ತೆಯ ಮೊದಲ ಹಾಳೆಯ ಮೊದಲ ಸಾಲಿನಲ್ಲಿ ನಿನ್ನ ಅಕ್ಷರ. ಸುತ್ತಿಗೆ ಐವತ್ತು. ಸಂಬಂಧ ಅನ್ನುವಲ್ಲಿ 'ಸೊಸೆ' ಅಂತ ಇರುತ್ತದೆ ಅಂದುಕೊಂಡೆ. 'ಮಗಳು' ಅಂತ ಬರೆದಿದ್ದೀಯ. ನನ್ನ ಹಾಳೆಯಲ್ಲಿ ಮೊದಲ ಸಾಲು ನಿನಗೆ ಅಂತ ಬಿಟ್ಟು, ಎರಡನೆಯದರಿಂದ ಬರೆಸಿದ್ದೆ. ಹೋದ ತಿಂಗಳು ಅಚ್ಚಾದ ಹಾಳೆಗಳ ಕಟ್ಟು ತಲುಪಿಸಲು ಬಂದವಳು ನಿಮ್ಮತ್ತೆ ಮನೆಯಲ್ಲಿ ಎರಡು ದಿನ ಇದ್ದು, ಹೊರಡುವಾಗ ಇಲ್ಲಿ ಒಂದು ಹೊತ್ತು ಊಟ ಮಾಡಿದೆಯಲ್ಲ, ಆಗ ನನ್ನ ಹಾಳೆ ನಿನ್ನ ತಟ್ಟೆಯ ಪಕ್ಕದಲ್ಲೇ ಇತ್ತು. ಊರೆಲ್ಲರನ್ನೂ ಕೇಳಿದವಳು ನಿನ್ನೊಬ್ಬಳನ್ನು ಕೇಳಲಿಲ್ಲ. ಕೇಳಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ. ನನ್ನ ಆ ಹಾಳೆಯನ್ನು ಈ ಕವರಿನಲ್ಲಿ ಇಟ್ಟಿದ್ದೇನೆ. ನಡಿಗೆ ಮುಗಿದಿದೆ, ದುಡ್ಡು ಬೇಡ. ಸಂಬಂಧ ಒಂದನ್ನು ಬರೆದು ಕಳಿಸು.