ಕನಜಾವಾದ ಚಿನ್ನದ ರೇಕು

ಅಬ್ಬಾ,

ಮೊನ್ನೆಯಷ್ಟೇ ಜಿಕ್ರಾಳ ಜೊತೆ ಜಪಾನಿನ ಕನಜಾವಾ ಊರಿನಿಂದ ಅಮೆರಿಕದ ಯೂನಿಯನ್ ಸಿಟಿಗೆ ಮರಳಿದೆ. ಅಲ್ಲಿ ಗೊಂಬೆಗೂ ಬಟ್ಟಲಿಗೂ ಐಸ್‌ಕ್ರೀಮಿಗೂ ಚಿನ್ನದ ರೇಕು ಅಂಟಿಸುತ್ತಾರೆ. ಅದನ್ನು ಮಾಡುವ ಮನೆಯೊಂದಕ್ಕೆ ಹೋಗಿದ್ದೆವು. ಕೊರೆಯುವ ಚಳಿಯಲ್ಲೂ ಅಲ್ಲಿನ ಅಜ್ಜಿ ಗಾಳಿಗೆ ರೇಕು ಹಾರದಂತೆ ಹೀಟರು ಆರಿಸಿ, ಬಿದಿರಿನ ಚಿಮಟದಲ್ಲಿ ರೇಕು ಎತ್ತಿ, ಮೆಲ್ಲನೆ ಊದಿ ಸುಕ್ಕು ಬಿಡಿಸಿದರು.

“ಮಮ್ಮೀ, ಸೇಮ್ ನಾನಾ ಥರಾನೇ! ನಾನಾನೂ ಫ್ಯಾನ್ ಆಫ್ ಮಾಡ್ತಿದ್ರಲ್ವಾ?” ಎಂದಳು ನಿಮ್ಮ ಮೊಮ್ಮಗಳು ಜಿಕ್ರಾ. ಮೈಸೂರಿನ ಅಂಗಡಿಯಲ್ಲಿ ನೀವು ಬೇಸಿಗೆಯಲ್ಲೂ ಫ್ಯಾನಿಲ್ಲದೆ ಬೆಳ್ಳಿಯನ್ನು ರೇಕಾಗಿ ಬಡಿಯುತ್ತಿದ್ದುದನ್ನು ಅವಳು ವಿಡಿಯೊದಲ್ಲಷ್ಟೇ ನೋಡಿದ್ದಾಳೆ.

ನೀವು ಹೋಗಿ ಇವತ್ತಿಗೆ ಒಂದು ವರ್ಷ. ಫಾತಿಹಾಕ್ಕೆ ಖೀರು ಮಾಡಿ, ಅದರ ಮೇಲೆ ಆ ಅಜ್ಜಿ ಕೊಟ್ಟ ರೇಕು ಇಡುವಷ್ಟರಲ್ಲಿ ನಮ್ಮ ಹೀಟರು ತಾನಾಗಿ ಶುರುವಾಯಿತು. ಚಿನ್ನ ಹಾರಿ ಸಿಂಕಿಗೆ ಬಿತ್ತು.

ಆಗ ಡ್ರಾಯರಿನ ತಳದಿಂದ ನಿಮ್ಮ ಪೊಟ್ಟಣ ತೆಗೆದೆ. ನೀವು ಇಲ್ಲಿಗೆ ಬಂದಾಗ ಖೀರಿಗೆಂದೇ ತಂದಿದ್ದ ಬೆಳ್ಳಿ ರೇಕು. ದಾರಕ್ಕೆ ನೀವು ಹಾಕಿದ ಗಂಟು ಹಾಗೇ ಇತ್ತು. ಬಿಚ್ಚಿದೆ. ಬೆಳ್ಳಿಯೆಲ್ಲ ಕಪ್ಪಾಗಿತ್ತು.

ಹೀಟರು ಆರಿಸಿ, ಉಸಿರು ಬಿಗಿಹಿಡಿದು, ಅದನ್ನೇ ಎತ್ತಿದೆ.

ನಿಮ್ಮ ಕನೀಜ್