ಗಂಗಾವತಿಯಲ್ಲಿ ಹುಟ್ಟಿದ ಮಗ

ಗಂಗಾವತಿ, ಭಾನುವಾರ

ಅಕ್ಕಾ,

ಫೋನಿನಲ್ಲಿ ಹೇಳಲು ನಾಚಿಕೆಯಾಗಿ ಕಾರ್ಡು ಬರೆಯುತ್ತಿದ್ದೇನೆ. ಆ್ಯಪ್ ಮಾಡುವವರ ಈ ಪುಟ್ಟ ಸಮ್ಮೇಳನದಲ್ಲಿ ತಲೆ ನರೆತವನು ನಾನೊಬ್ಬನೇ. ನಳದ ನೀರು ಬಂದದ್ದನ್ನು ಓಣಿಗೆಲ್ಲ ತಿಳಿಸುವ ನನ್ನ ಆ್ಯಪನ್ನು ಹತ್ತಾರು ಜನ ಬಳಸಿ ನೋಡದೆ ಬಿಡುಗಡೆ ಮಾಡುವಂತಿಲ್ಲ. ನಿನ್ನೆಯೆಲ್ಲ ಯಾರನ್ನೂ ಕೇಳಲಾಗದೆ ಗೋಡೆಗೆ ಒರಗಿ ನಿಂತಿದ್ದೆ. ಇವತ್ತು ಮುಬಾಶಿರಾ ಎಂಬ ಹುಡುಗಿ ಕುರ್ಚಿ ತಂದು ಹಾಕಿ, “ಕಾಕಾ, ಮಗನ ಬದಲಿ ನೀವು ಬಂದೀರೇನ್ರಿ?” ಅಂದಳು. ಮದುವೆಯೇ ಆಗದ ನಾನು ಹೂಂ ಅಂದು, ಆ್ಯಪ್ ಅವನದೇ ಎಂದು ತೋರಿಸಿದೆ. “ಭಾಳ ಶಾಣ್ಯಾ ಅದಾನ್ರಿ!” ಎಂದು ಗೆಳೆಯರನ್ನೆಲ್ಲ ಕರೆದು ಅವರ ಫೋನುಗಳಿಗೂ ಹಾಕಿಸಿದಳು. ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಮಂಡಿನೋವು ಕಡಿಮೆ, ಎರಡು ಹೊತ್ತೂ ಅನ್ನವೇ. ಮಗನ ನಂಬರ್ ಕೇಳಿದಳು, ನಿನ್ನದು ಕೊಟ್ಟಿದ್ದೇನೆ. ಫೋನ್ ಬಂದರೆ ಸ್ನಾನಕ್ಕೆ ಹೋಗಿದ್ದಾನೆ ಅನ್ನು.

ನಿನ್ನ ತಮ್ಮ