ಡಾಕ್ಟ್ರ ಕುರ್ಚಿಗೆ ಹಾಕಿದ ಟವೆಲ್

ಶಿವಮೊಗ್ಗದ ಆರೋಗ್ಯ ವಿಮೆ ಸಾಹೇಬ್ರಿಗೆ ಹೊಸನಗರ ಕಡೆಯ ಮುಕುಂದಯ್ಯನ ನಮಸ್ಕಾರ.

ನಿಮ್ಮ ಯೋಜನೆ ಬದಲಾಯ್ತು, ನಮಗೆ ಯೋಚನೆ ಶುರುವಾಯ್ತು. ನನ್ನ ಹೆಂಡ್ತಿ ಮೂಕಾಂಬಿಕಾಗೆ ತೀರ್ಥಹಳ್ಳಿಯ ಒಂದು ಖಾಸಗಿ ಆಸ್ಪತ್ರೇಲಿ ನಿಮ್ಮ ವಿಮೆ ಕಾರ್ಡಿನ ಮೇಲೆ ಡಯಾಲಿಸಿಸ್ ಆಗ್ತಿತ್ತು. ಈಗ ಪ್ರತಿ ತಿಂಗ್ಳೂ ಊರಿನ ಸರ್ಕಾರಿ ಡಾಕ್ಟ್ರ ಚೀಟಿ ಬೇಕಂತೆ. "ಚೀಟಿ ಇಲ್ದೆ ಮಾಡಿದ್ರೆ ಸರ್ಕಾರ ನಮಗೆ ದುಡ್ಡು ಕೊಡಲ್ಲ ಮುಕುಂದಯ್ಯೋರೇ, ಹೋದ್ಸಲ ಮಾಡಿದ್ದರ ದುಡ್ಡೇ ಇನ್ನೂ ಬಂದಿಲ್ಲ" ಅಂತ ಅಲ್ಲಿನ ಡಾಕ್ಟ್ರು ತಲೆ ತಗ್ಗಿಸಿದ್ರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಆದ್ರೆ ನಮ್ಮೂರ ಆಸ್ಪತ್ರೇಲಿ ಡಾಕ್ಟ್ರೇ ಇಲ್ಲ. ಮಳೆಗಾಲಕ್ಕೆ ಮುಂಚೆ ವರ್ಗ ಆದೋರ ಜಾಗಕ್ಕೆ ಯಾರೂ ಬಂದಿಲ್ಲ. ಕುರ್ಚಿ ಇದೆ, ಕುರ್ಚಿಗೆ ಸಹಿ ಹಾಕಕ್ಕೆ ಬರಲ್ಲ.

ಮೊನ್ನೆ ಹೋಗಿ ಆ ಕುರ್ಚಿಗೆ ಟವೆಲ್ ಹಾಕಿ ಬಂದೆ. ನಮ್ಮ ಕಡೆ ಬಸ್ಸಿನ ಕಿಟಕೀಲಿ ಟವೆಲ್ ತೂರಿಸಿ ಸೀಟ್ ಹಿಡಿದ್ರೆ ಮುಗೀತು, ಆಮೇಲೆ ಮಂತ್ರಿ ಹತ್ತಿದ್ರೂ ನಿಂತೇ ಹೋಗ್ಬೇಕು.

"ಎಂತ ಅಜ್ಜಾ ಇದು?" ಅಂದ್ಲು ನರ್ಸ್ ಪ್ರೇರಣಾ.

"ಡಾಕ್ಟ್ರಿಗೆ ಸೀಟ್ ಹಿಡ್ದೀನಿ ಕಣೇ, ತೆಗೀಬೇಡ."

ನಕ್ಕಳು, ತೆಗೀಲಿಲ್ಲ.

ಟವೆಲ್ ಮೂಕಾಂಬಿಕಾದು. ತೀರ್ಥಹಳ್ಳಿ ಬಸ್ಸಿಗೆ ಅದನ್ನೇ ಹಾಕ್ತಿದ್ಲು. ಈಗ ಆ ಬಸ್ಸು ಹತ್ತೋದು ನಿಂತು, ಅವಳ ಕಾಲು ಊದಿ ಚಪ್ಪಲಿಯೊಳಗೆ ಹೋಗಲ್ಲ.

ಸೋಮವಾರದೊಳಗೆ ಡಾಕ್ಟ್ರನ್ನ ಕಳ್ಸಿ, ಇಲ್ಲಾ ಚೀಟಿ ಬೇಡ ಅನ್ನಿ. ಎರಡೂ ಆಗ್ದಿದ್ರೆ ಮಂಗಳವಾರ ಅವಳನ್ನ ಕರ್ಕೊಂಡು ನಿಮ್ಮ ಆಫೀಸಿಗೇ ಬರ್ತೀನಿ. ನಮ್ಮನೇಲಿ ಇನ್ನೊಂದು ಟವೆಲ್ ಇದೆ. ಅವತ್ತು ಮಾತ್ರ ಟೀ ಕುಡಿಯಕ್ಕೆ ಅಂತ ಕುರ್ಚಿ ಬಿಟ್ಟು ಏಳ್ಬೇಡಿ.

ಇಂತಿ, ಹಿಡಿದ ಸೀಟು ಬಿಡದ
ಮುಕುಂದಯ್ಯ